ಜಯಕ್ಕನ ಹೆಪ್ಪಿಗೆ ಬಂದ ಮನೆಅಳಿಯ

ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಯಾರ ಮನೆಯ ಮೊಸರು ತಿಂದರೂ ಅದು ಜಯಕ್ಕನ ಮೊಸರೇ. ಎಮ್ಮೆ ಅವರವರದು, ಹಾಲು ಅವರವರದು, ಪಾತ್ರೆ ಅವರವರದು, ಹೆಪ್ಪು ಮಾತ್ರ ಜಯಕ್ಕನದು. ಹೊಸದಾಗಿ ಸಂಸಾರ ಹೂಡಿದವರು ಉಪ್ಪು, ಬೆಂಕಿಪೊಟ್ಟಣವನ್ನು ಅಂಗಡಿಯಿಂದ ತಂದುಕೊಂಡು, ಹೆಪ್ಪಿಗೆ ಮಾತ್ರ ಬಟ್ಟಲು ಹಿಡಿದು ಅವಳ ಬಾಗಿಲಿಗೇ ಬರುತ್ತಿದ್ದರು. ಜಯಕ್ಕ ಕೈಕಾಲು ತೊಳೆದುಕೊಂಡು, ಅಡುಗೆಮನೆಯ ಮೂಲೆಯಲ್ಲಿ ಸಿಂಬೆಯ ಮೇಲೆ ಕೂತಿದ್ದ ಕರಿ ಮಡಕೆಯ ಮುಚ್ಚಳ ತೆಗೆದು, ಮಗಳನ್ನು ಧಾರೆ ಎರೆದುಕೊಡುವವಳ ಮುಖ ಮಾಡಿಕೊಂಡು ಒಂದು ಚಮಚ ಮೊಸರು ಹಾಕುತ್ತಿದ್ದಳು. "ಚೆನ್ನಾಗಿ ನೋಡ್ಕಳ್ರಿ" ಎಂದು ಬೇರೆ ಹೇಳಿ ಕಳಿಸುತ್ತಿದ್ದಳು.

ಆ ಬಟ್ಟಲು ವಾಪಸ್ ಬರುವಾಗ ಬರಿದಾಗಿ ಬರುವಂತಿರಲಿಲ್ಲ. ಅದು ಜಯಕ್ಕನ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಆ ಮನೆಯಲ್ಲಿ ಹೆಪ್ಪಾದ ಮೊಸರಿನಲ್ಲಿ ಒಂದು ಚಮಚವನ್ನು ಅದೇ ಬಟ್ಟಲಲ್ಲಿ ತಂದು ಒಪ್ಪಿಸಬೇಕು. ಹಬ್ಬ ಹುಣ್ಣಿಮೆಗೂ ತರಬೇಕು. ಜಯಕ್ಕ ಅದನ್ನು ತನ್ನ ಮಡಕೆಗೆ ಸುರಿದು ಬೆರಳಲ್ಲಿ ಕಲಸುವಳು. ಕೊಟ್ಟ ಹೆಣ್ಣು ಆಗಾಗ ತವರಿಗೆ ಬಂದು ಹೋಗದಿದ್ದರೆ ತವರಿಗೆ ಏನು ಕಳೆ ಎನ್ನುವುದು ಅವಳ ವಾದ. ಮೊಸರಿಗೂ ತವರು ಇರುತ್ತದೆಯೇ ಎಂದು ಕೇಳುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ, ಯಾಕೆಂದರೆ ಕೇಳಿದವರು ಮಾರನೆಯ ದಿನದಿಂದ ಹಾಲನ್ನೇ ಕುಡಿಯಬೇಕಾಗುತ್ತಿತ್ತು.

ಗಂಡ ದೊಡ್ಡತಿಮ್ಮಪ್ಪ ತೀರಿಹೋದ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು, ಬಸ್ ಸ್ಟ್ಯಾಂಡಿನ ಹೋಟೆಲಿಗೆ ಮೊಸರು ಹಾಕಿಕೊಂಡು ಮಗಳು ಸರ್ವಮಂಗಳಳನ್ನು ಸಾಕಿದವಳು ಜಯಕ್ಕ. ಆ ಮಗಳನ್ನು ನೋಡಲು ಹೊಸದುರ್ಗದಿಂದ ಜಂಪಣ್ಣ ಎಂಬ ವರ ಬಂದ. ಮೊಸರನ್ನವನ್ನು ಮೂರು ಸಲ ಹಾಕಿಸಿಕೊಂಡ. ಆಮೇಲೆ ಹುಡುಗಿಯ ಕಡೆ ಸರಿಯಾಗಿ ತಿರುಗಿಯೂ ನೋಡದೆ ಒಪ್ಪಿಗೆ ಎಂದ. ಮದುವೆಯಾಗಿ ಮೊದಲ ದೀಪಾವಳಿಗೆ ಮಾವನ ಮನೆಗೆ ಬಂದವನು ಹಬ್ಬ ಮುಗಿದರೂ ಹೊರಡಲಿಲ್ಲ. ದೀಪಗಳನ್ನು ತೊಳೆದು ಎತ್ತಿಟ್ಟರು, ಅವನು ಜಗುಲಿಯ ಮೇಲೆ ಹಾಗೇ ಇದ್ದ. ಅವನ ತಾಯಿ ಏಕನಾಥಮ್ಮ ಹೊಸದುರ್ಗದಲ್ಲಿ ಸಿಕ್ಕಸಿಕ್ಕವರ ಮುಂದೆ, ಬೀಗಿತ್ತಿ ಮೊಸರಲ್ಲಿ ಮದ್ದಿಟ್ಟು ನನ್ನ ಮಗನನ್ನು ಕಟ್ಟಿಹಾಕಿದಳು ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಜಯಕ್ಕನಿಗೆ ಈ ಮಾತು ಕಿವಿಗೆ ಬಿದ್ದಾಗ ಸಿಟ್ಟೂ ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಸರ್ವಮಂಗಳ ಗಂಡುಮಗು ಹೆತ್ತಳು. ಬರುವ ಸೋಮವಾರ ತೊಟ್ಟಿಲು ಶಾಸ್ತ್ರ ಎಂದಾಯಿತು. ಹೊಸದುರ್ಗದಿಂದ ಬೀಗರ ಇಡೀ ದಂಡು ಬರುವುದಿತ್ತು. ಜಯಕ್ಕ ಮೊದಲೇ ಹೇಳಿಕಳಿಸಿಬಿಟ್ಟಿದ್ದಳು: "ನಮ್ಮನೆ ಮೊಸರನ್ನ ಚಾಕು ಹಾಕಿ ಕುಯ್ದು ಬಡಿಸ್ತೀನಿ, ಬರ್ರಿ ಅನ್ನು ನಮ್ಮ ಬೀಗ್ತಿಗೆ."

ಆ ಮಾತು ಹೊಸದುರ್ಗ ಮುಟ್ಟುವಷ್ಟರಲ್ಲಿ ಇಲ್ಲಿ ಮೊಸರು ಕೈಕೊಟ್ಟಿತು.

ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ರಾತ್ರಿ ಇಟ್ಟ ಹಾಲು ಹಾಲಾಗಿಯೇ ಇತ್ತು. ಮಡಕೆ ಅಲ್ಲಾಡಿಸಿದರೆ ಕೆರೆಯ ನೀರಿನಂತೆ ತುಳುಕಿತು. ಜಯಕ್ಕ ಮೊದಲು ಎಮ್ಮೆಯನ್ನು ಬೈದಳು. ಮಾರನೆಯ ದಿನವೂ ಹಾಗೇ ಆದಾಗ ಬೆಕ್ಕನ್ನು ಬೈದಳು. ಆಮೇಲೆ ಎದುರುಮನೆಯ ತಿಪ್ಪಮ್ಮನ ಕಣ್ಣನ್ನು ಬೈದು, ಮಡಕೆಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು, ಹಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಷ್ಟು ಹೊತ್ತಿಗೆ ತಿಪ್ಪಮ್ಮನ ಮನೆಯಲ್ಲೂ ಹೆಪ್ಪಾಗಲಿಲ್ಲ, ಅದರ ಪಕ್ಕದ ಮನೆಯಲ್ಲೂ ಇಲ್ಲ. ಯಾರ ಮನೆಯಲ್ಲಿ ಇನ್ನೂ ಸ್ವಲ್ಪ ಗಟ್ಟಿಯಿತ್ತೋ ಅವರು ಕನಿಕರದಿಂದ, "ನಮ್ದು ಒಂದ್ ಚಮಚ ಐತೆ, ಹಾಕ್ಕೊಂಡು ನೋಡಕ್ಕ" ಎಂದು ಬಟ್ಟಲು ತಂದರು. ಜಯಕ್ಕ ಬಂದದ್ದನ್ನೆಲ್ಲ ಮಡಕೆಗೆ ಸುರಿದು ಬೆರಳಲ್ಲಿ ಕಲಸಿದಳು. ಮತ್ತೆ ಅದೇ ಮಡಕೆಯಿಂದ ಅವರಿಗೂ ಒಂದೊಂದು ಚಮಚ ಕೊಟ್ಟಳು. ಎರಡು ದಿನದಲ್ಲಿ ಇಡೀ ಬೀದಿಯೇ ಹಾಲು ಕುಡಿಯುವಂತಾಯಿತು. ಜಂಪಣ್ಣ ಮಾತ್ರ ಏನನ್ನೂ ಕುಡಿಯದೆ, ಉಣ್ಣದೆ, ಹೊಸದುರ್ಗದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಗೋಡೆಯನ್ನು ಕೇಳತೊಡಗಿದ.

ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದವರು ಚಿತ್ತಯ್ಯ ಮೇಷ್ಟ್ರು. ಹಿರಿಯೂರು ಕಡೆ ಹರಿಯಬ್ಬೆಯವರು, ಇಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುತ್ತಿದ್ದರು. ಊಟ ಜಯಕ್ಕನ ಮನೆಯಲ್ಲೇ. ನಾಲ್ಕು ದಿನ ಸಾರನ್ನದಲ್ಲೇ ಊಟ ಮುಗಿಸಿ ಕೈ ತೊಳೆದ ಮೇಲೆ ಅವರು ಬಾಯಿಬಿಟ್ಟರು. ಬಟ್ಟಲು ಹೋಗುವ, ಬರುವ ಕಟ್ಟಳೆಯನ್ನೆಲ್ಲ ಕೇಳಿ ತಿಳಿದುಕೊಂಡು ಕೊನೆಗೆ ಹಣೆ ಚಚ್ಚಿಕೊಂಡರು.

"ಜಯಕ್ಕ, ನಿಮ್ಮ ಹೆಪ್ಪಿಗೆ ಕಾಯಿಲೆ ಬಂದೈತೆ."

"ಮೊಸರಿಗೆ ಕಾಯಿಲೆನಾ? ಮೇಷ್ಟ್ರೆ, ಬಿಸಿಲಲ್ಲಿ ಕೊಡೆ ಹಿಡ್ಕಂಡು ಓಡಾಡ್ರಿ ಅಂತ ಆವತ್ತೇ ಹೇಳಿದ್ದೆ."

ಮೇಷ್ಟ್ರು ಬೇಸರಪಟ್ಟುಕೊಳ್ಳಲಿಲ್ಲ. ಪಾಠ ಮಾಡುವ ಚಟದವರಿಗೆ ಕೇಳುವವರೊಬ್ಬರು ಸಿಕ್ಕರೆ ಸಾಕು. ಹೆಪ್ಪಿನಲ್ಲಿ ಬ್ಯಾಕ್ಟೀರಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಅವು ಹಾಲಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ, ಆ ಹುಳಿಗೇ ಹಾಲು ಗಟ್ಟಿಯಾಗುವುದು ಎಂದರು. ಜಯಕ್ಕ ಇಷ್ಟನ್ನು ಒಪ್ಪಿಕೊಂಡಳು, ಮೊಸರಿಗೆ ಜೀವ ಇದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಆ ಬ್ಯಾಕ್ಟೀರಿಯಾಗಳನ್ನೇ ಹಿಡಿದು ಕೊಲ್ಲುವ ವೈರಸ್ ಎಂಬ ಇನ್ನೂ ಸಣ್ಣದೊಂದಿದೆ ಎಂದು ಹೇಳಿ ಮೇಷ್ಟ್ರು ರಂಗೋಲಿ ಡಬ್ಬಿ ಕೇಳಿದರು. ಸಾರಿಸಿದ್ದ ಅಂಗಳದಲ್ಲಿ ಮೊಣಕಾಲೂರಿ ಕೂತು ಬರೆಯತೊಡಗಿದರು. ಮೇಲೆ ಮೂಲೆಮೂಲೆಯ ಹರಳಿನಂಥ ತಲೆ, ಅದರೊಳಗೆ ಸುತ್ತಿ ತುರುಕಿದ ಒಂದು ದಾರ. ತಲೆಯ ಕೆಳಗೆ ಕೊರಳಪಟ್ಟಿ, ಆಮೇಲೆ ಕೊಳವೆಯಂಥ ಬಾಲ, ಬಾಲದ ತುದಿಗೆ ಒಂದು ತಟ್ಟೆ, ತಟ್ಟೆಯಿಂದ ಜೇಡನ ಕಾಲಿನಂತೆ ಮಡಚಿದ ಆರು ಕಾಲು.

"ಇದು ಪುಸ್ತಕದಲ್ಲಿರೋದು. ಕರುಳಿನ ಬ್ಯಾಕ್ಟೀರಿಯಾಕ್ಕೆ ಬರೋದು. ಮೊಸರಿಗೆ ಬರೋದು ಇದರ ದಾಯಾದಿ. ಕಾಲು ಬಾಲದಾಗೆ ಸ್ವಲ್ಪ ವ್ಯತ್ಯಾಸ ಇರಬಹುದು."

"ದಾಯಾದಿ ಅಂದ್ಮೇಲೆ ಬುದ್ಧಿ ಒಂದೇ. ಮುಂದೆ ಹೇಳ್ರಿ. ಬಾಯಿ ಎಲ್ಲೈತೆ ಇದಕ್ಕೆ?"

"ಬಾಯಿಲ್ಲ, ಹೊಟ್ಟೆನೂ ಇಲ್ಲ. ತಿನ್ನೋದಿಲ್ಲ, ಉಣ್ಣೋದಿಲ್ಲ, ತಾನಾಗಿ ಬೆಳೆಯೋದೂ ಇಲ್ಲ."

ಜಗುಲಿಯ ಮೇಲೆ ಮಲಗಿದ್ದ ಜಂಪಣ್ಣ ಪಕ್ಕಕ್ಕೆ ಹೊರಳಿ, ಪಾಪ, ಎಂದ.

"ಬ್ಯಾಕ್ಟೀರಿಯಾದ ಮೈಮೇಲೆ ಬಂದು ಕಾಲೂರಿ ಕೂರುತ್ತೆ. ಎಲ್ಲಾ ಬ್ಯಾಕ್ಟೀರಿಯಾ ಮೇಲೂ ಅಲ್ಲ, ತನಗೆ ಗುರುತಿರೋ ಜಾತಿ ಮೇಲೆ ಮಾತ್ರ. ಕೂತ ಮೇಲೆ ಬಾಲ ಗೋಡೆಗೆ ಚುಚ್ಚಿ ತಲೆಯೊಳಗಿನ ದಾರಾನ ಒಳಗೆ ಇಳಿಸುತ್ತೆ. ಸಿಪ್ಪೆ ಹೊರಗೇ ಉಳಿಯುತ್ತೆ. ಒಳಗೆ ಹೋದ ದಾರ ಆ ಮನೆ ಯಜಮಾನಿಕೆ ತಗಂಡುಬಿಡುತ್ತೆ. ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಇದರ ಚಾಕರಿ ಮಾಡಬೇಕು. ಇದರಂಥವೇ ತಲೆ ಒಂದು ಕಡೆ, ಬಾಲ ಒಂದು ಕಡೆ, ಕಾಲು ಒಂದು ಕಡೆ ತಯಾರು ಮಾಡಿ, ತಲೆಗೆ ದಾರ ತುಂಬಿ, ಎಲ್ಲಾ ಜೋಡಿಸಬೇಕು. ಒಂದು ಹೋಗಿದ್ದು ನೂರಾದ ಮೇಲೆ ಗೋಡೆ ಕರಗಿಸಿ, ಮನೆ ಒಡೆದು ಹೊರಗೆ ಬರುತ್ತವೆ. ಅನ್ನಕ್ಕಿಟ್ಟು ಬಸಿಯೋ ಹೊತ್ತಿಗೆ ಇಷ್ಟೂ ಮುಗಿದಿರುತ್ತೆ. ಆಮೇಲೆ ಆ ನೂರೂ ಪಕ್ಕದ ಮನೆಗಳಿಗೆ."

ಬಟ್ಟಲಲ್ಲಿ ತವರಿಗೆ ಬರುತ್ತಿದ್ದ ಹೆಣ್ಣುಗಳು ಜಯಕ್ಕನ ಕಣ್ಣ ಮುಂದೆ ಸಾಲಾಗಿ ಬಂದವು. ಒಂದೊಂದರ ಹಿಂದೆಯೂ ಈ ಆರು ಕಾಲಿನದು ಗಂಟುಮೂಟೆ ಹೊತ್ತು ಬಂದಿತ್ತು. ಅವಳೇ ಬೆರಳಲ್ಲಿ ಕಲಸಿ ಒಳಗೆ ಬಿಟ್ಟುಕೊಂಡಿದ್ದಳು.

"ಇನ್ನೊಂದು ನಮೂನೆ ವೈರಸ್ ಐತೆ" ಎಂದು ಮೇಷ್ಟ್ರು ಮುಂದುವರಿಸಿದರು. "ಅದು ಗಲಾಟೆ ಮಾಡೋದಿಲ್ಲ. ಒಳಗೆ ಹೋಗಿ ಬ್ಯಾಕ್ಟೀರಿಯಾದ ದಾರದ ಜೊತೆಗೇ ತನ್ನ ದಾರ ಸೇರಿಸ್ಕಂಡು ತೆಪ್ಪಗೆ ಇದ್ದುಬಿಡುತ್ತೆ. ಬ್ಯಾಕ್ಟೀರಿಯಾ ಎರಡಾದ್ರೆ ಇದೂ ಎರಡು. ಹೊರಗಿನವರಿಗೆ ಗೊತ್ತೇ ಆಗೋದಿಲ್ಲ. ಯಾವತ್ತೋ ಮನೆಗೆ ಕಷ್ಟಕಾಲ ಬಂದಾಗ ಎದ್ದು, ಮನೆ ಮುರಿದು ಹೊರಟುಹೋಗುತ್ತೆ."

ಜಯಕ್ಕ ಜಗುಲಿಯ ಕಡೆ ತಿರುಗಿ ನೋಡಿದಳು. "ಇದು ಬಿಡ್ರಿ ಮೇಷ್ಟ್ರೆ, ಬಿಡಿಸಿ ಹೇಳೋದೇ ಬ್ಯಾಡ. ಹಬ್ಬಕ್ಕೆ ಅಂತ ಬಂದಿರ್ತದೆ."

ಸರ್ವಮಂಗಳ ಒಳಗಿನಿಂದ, "ಅಮ್ಮಾ!" ಎಂದಳು. ಜಂಪಣ್ಣನಿಗೆ ಏನೂ ತಿಳಿಯಲಿಲ್ಲ. ಅವನು ತಲೆದಿಂಬು ತಿರುವಿ ಹಾಕಿಕೊಂಡ.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಗುಜುಗುಜು. ಜಯಕ್ಕನ ಅಂಗಳದ ರಂಗೋಲಿಯನ್ನು ಹಿಂದಿನ ಸಂಜೆಯೇ ತಿಪ್ಪಮ್ಮ ನೋಡಿಕೊಂಡು ಹೋಗಿದ್ದಳು. ಮೊಸರು ಕೆಟ್ಟ ಮನೆಯಲ್ಲಿ ಮೇಷ್ಟ್ರಂಥ ಮೇಷ್ಟ್ರು ಮೊಣಕಾಲೂರಿ ಕೂತು ಬರೆದಿದ್ದಾರೆ ಎಂದ ಮೇಲೆ ಅದು ದೃಷ್ಟಿ ತೆಗೆಯುವ ಯಂತ್ರವಲ್ಲದೆ ಇನ್ನೇನಾದೀತು? ಬೆಳಗಾಗುವುದರೊಳಗೆ ಬೀದಿಯ ಎಲ್ಲ ಬಾಗಿಲ ಮುಂದೂ ಹರಳುತಲೆ, ಉದ್ದ ಬಾಲ, ಆರು ಕಾಲು. ತಿಪ್ಪಮ್ಮ ತನ್ನದಕ್ಕೆ ಅರಿಶಿನ ಕುಂಕುಮ ಹಾಕಿ, ಬೋಳುಬೋಳಾಗಿ ಕಾಣಬಾರದೆಂದು ನಾಲ್ಕೂ ಕಡೆ ಕಮಲ ಬಿಡಿಸಿದ್ದಳು. ತುದಿಮನೆಯವರು ತಲೆಯೊಳಗೆ ಎರಡು ಕಣ್ಣನ್ನೂ ಇಟ್ಟಿದ್ದರು.

ಚಿತ್ತಯ್ಯ ಮೇಷ್ಟ್ರು ಶಾಲೆಗೆ ಹೊರಟವರು ಇದನ್ನು ನೋಡಿ ಚೀಲವನ್ನು ಜಗುಲಿಯ ಮೇಲೆ ಒಗೆದು ಮನೆಮನೆಗೆ ಓಡಿದರು. "ಅಯ್ಯೋ, ಇದು ಮೊಸರು ಕಾಯೋದಲ್ಲಮ್ಮ, ಕೊಲ್ಲೋದು! ಕೊಲ್ಲೋದು!"

ತಿಪ್ಪಮ್ಮ ನಿಧಾನವಾಗಿ ಸೆರಗು ಸರಿಮಾಡಿಕೊಂಡಳು. "ಕೊಲ್ಲೋರಿಗೇ ಅಲ್ವ ಮೇಷ್ಟ್ರೆ, ಮೊದ್ಲು ಕೈ ಮುಗಿಯೋದು?"

ಮೇಷ್ಟ್ರು ಚೀಲ ಎತ್ತಿಕೊಂಡು ಶಾಲೆಗೆ ಹೋದರು.

ಸಂಜೆ ಜಯಕ್ಕ ತಾನಾಗಿಯೇ ಅವರ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮುಖ ಇಳಿದುಹೋಗಿತ್ತು. ಸೋಮವಾರ ಹತ್ತಿರ ಬರುತ್ತಿತ್ತು. ಏಕನಾಥಮ್ಮನ ಎಲೆಗೆ ನೀರುಮೊಸರು ಬಡಿಸುವ ಬದಲು ಊರು ಬಿಟ್ಟು ಹೋಗುವುದೇ ಮೇಲು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

"ಮೇಷ್ಟ್ರೆ, ಇದಕ್ಕೆ ಔಷಧಿ ಏನು?"

"ಔಷಧಿ ಇಲ್ಲ. ಪಾತ್ರೆ ಎಲ್ಲಾ ಬುರುಬುರು ಕುದಿಯೋ ನೀರಲ್ಲಿ ತೊಳೀರಿ. ಆ ಹಳೇ ಮಡಕೆ ಬಿಟ್ಟುಬಿಡ್ರಿ, ಮಣ್ಣಿನ ಸಂದಿಯಲ್ಲಿ ಕೂತಿರುತ್ತೆ. ಆಮೇಲೆ ಬೇರೆ ಮೂಲದ, ಬೇರೆ ಬಳ್ಳಿಯ ಹೆಪ್ಪು ತರಬೇಕು. ಈ ವೈರಸ್ಸಿಗೆ ನಿಮ್ಮ ಹೆಪ್ಪಿನ ಗುರುತು ಮಾತ್ರ ಗೊತ್ತು. ಬೇರೆ ಬಳ್ಳಿದಾದ್ರೆ ಕಾಲೂರೋಕೆ ಜಾಗ ಸಿಗದಂಗೆ ಆಗಬಹುದು."

"ಆಚೆ ಬೀದಿಯಿಂದ ತರಲಾ?"

"ಅವರಿಗೆ ಹೆಪ್ಪು ಯಾರು ಕೊಟ್ಟಿದ್ದು?"

ಜಯಕ್ಕ ಬೆರಳು ಮಡಚಿ ಎಣಿಸಿದಳು. ಆಚೆ ಬೀದಿಯದು, ಅದರಾಚೆ ಬೀದಿಯದು, ಬಸ್ ಸ್ಟ್ಯಾಂಡ್ ಹೋಟೆಲಿನದು, ಎಲ್ಲವೂ ಅವಳದೇ. ಊರೆಲ್ಲ ನನ್ನ ಹೆಪ್ಪೇ ಎಂದು ಇಷ್ಟು ವರ್ಷ ಮೆರೆದದ್ದು ಈಗ ತಿರುಗಿ ಅವಳ ಕುತ್ತಿಗೆಗೇ ಬಂದಿತ್ತು.

"ನಮ್ಮ ಹರಿಯಬ್ಬೆ ಕಡೆಯದಾದ್ರೆ ಆಗುತ್ತಿತ್ತು" ಎಂದರು ಮೇಷ್ಟ್ರು. "ಆದ್ರೆ ಈ ಬಿಸಿಲಲ್ಲಿ ಅಷ್ಟು ದೂರ ಬಸ್ಸಲ್ಲಿ ಬರೋವಷ್ಟರಲ್ಲಿ ಏನಾಗಿರುತ್ತೋ."

ಹರಿಯಬ್ಬೆ ಎಂದ ಕೂಡಲೆ ಜಯಕ್ಕ ಮಾತು ಬದಲಿಸಲು ನೋಡಿದಳು. ಜಂಪಣ್ಣ ಜಗುಲಿಯಿಂದಲೇ, "ರಾಮಗಿರಿ ಚಿಕ್ಕತ್ತೆ ಹರಿಯಬ್ಬೆಯವರಲ್ವ ಅತ್ತೆ?" ಎಂದ. ಮನೆಗೆ ಬಂದಾಗಿನಿಂದ ಅವನು ಆಡಿದ ಉಪಯೋಗದ ಮಾತು ಅದೊಂದೇ. ಅದಕ್ಕೂ ಜಯಕ್ಕ ಅವನನ್ನು ಸುಡುವಂತೆ ನೋಡಿದಳು.

ರಾಮಗಿರಿಯ ಹೊನ್ನಕ್ಕ ಜಯಕ್ಕನ ವಾರಗಿತ್ತಿ, ಮೈದುನ ಬೋರಯ್ಯನ ಹೆಂಡತಿ. ಮದುವೆಯಾಗಿ ಹರಿಯಬ್ಬೆಯಿಂದ ಬರುವಾಗ ಒಂದು ಪುಟ್ಟ ಕುಡಿಕೆಯಲ್ಲಿ ತವರಿನ ಹೆಪ್ಪನ್ನು ಬಟ್ಟೆ ಕಟ್ಟಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಜಯಕ್ಕ ಹೊಸ ಮದುಮಗಳ ಎದುರಿಗೇ ಆ ಕುಡಿಕೆ ತೆಗೆದುಕೊಂಡು, ಈ ಮನೆಗೆ ಒಂದೇ ಹೆಪ್ಪು ಎಂದು ಎಮ್ಮೆಯ ಕಲಗಚ್ಚಿಗೆ ಸುರಿದಿದ್ದಳು. ಬೋರಯ್ಯನಿಗೆ ರಾಮಗಿರಿ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ ಸಿಕ್ಕಿ ಬೇರೆ ಹೋದ ಮೇಲೆ ಹೊನ್ನಕ್ಕ ತವರಿನಿಂದ ಮತ್ತೆ ಹೆಪ್ಪು ತರಿಸಿಕೊಂಡಳಂತೆ. ಆಮೇಲಿಂದ ಮದುವೆ ಮುಂಜಿಗಳಲ್ಲಿ ಇಬ್ಬರೂ ಬೇರೆಬೇರೆ ಪಂಕ್ತಿಯಲ್ಲಿ ಕೂತು, ಒಬ್ಬರೆಲೆಯನ್ನು ಒಬ್ಬರು ದೂರದಿಂದ ನೋಡುತ್ತಿದ್ದರು.

ಶನಿವಾರ ಜಯಕ್ಕ ರಾಮಗಿರಿ ಬಸ್ಸು ಹತ್ತಿದಳು. ಅಳಿಯನನ್ನು ಕಳಿಸಬಹುದಿತ್ತು, ಆದರೆ ಅವನು ಮೊಸರು ತರುವ ದಾರಿಯಲ್ಲಿ ಹೆಪ್ಪು ಉಳಿಯುವ ನಂಬಿಕೆ ಇರಲಿಲ್ಲ.

ಹೊನ್ನಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಬರ್ರಿ, ಕುಂತ್ಕಳ್ರಿ" ಎಂದಳು. ಮೊದಲೆಲ್ಲ ಅಕ್ಕಾ, ಬಾರಕ್ಕಾ ಎನ್ನುತ್ತಿದ್ದವಳು. ಆ ಬಹುವಚನ ಜಯಕ್ಕನಿಗೆ ಚುರುಕ್ಕೆಂದಿತು. ಕೂತಳು. ಮೊಮ್ಮಗನ ಮಾತಾಡಿದಳು, ಎಮ್ಮೆಯ ಮಾತಾಡಿದಳು, ರಾಮಗಿರಿ ಗುಡ್ಡದ ಮೇಲಿನ ಬಿಸಿಲಿನ ಮಾತೂ ಆಡಿ ಮುಗಿಸಿದಳು. ಹೆಪ್ಪಿನ ಮಾತು ಮಾತ್ರ ಎತ್ತಲಿಲ್ಲ. ಹೊನ್ನಕ್ಕ ಲೋಟದಲ್ಲಿ ಮಜ್ಜಿಗೆ ತಂದಿಟ್ಟಳು. ಒಂದು ಗುಟುಕು ಕುಡಿಯುತ್ತಿದ್ದಂತೆ ಜಯಕ್ಕನ ನಾಲಗೆ ಅವಳ ಅಪ್ಪಣೆ ಕೇಳದೆ ಒಪ್ಪಿಕೊಂಡುಬಿಟ್ಟಿತು. ಒಳ್ಳೆಯ ಮಜ್ಜಿಗೆ. ಬಹಳ ಒಳ್ಳೆಯ ಮಜ್ಜಿಗೆ.

"ಹೆಪ್ಪಿಗೆ ಬಂದಿದೀರಿ, ಅಲ್ವ?" ಎಂದಳು ಹೊನ್ನಕ್ಕ.

"ನಿನಗೆ ಯಾರು ಹೇಳಿದ್ರು?"

"ನಿಮ್ಮೂರ ಬಸ್ಸಿಳಿದೋರೆಲ್ಲ ಅದನ್ನೇ ಮಾತಾಡ್ತಾರೆ. ಆರು ಕಾಲಿನ ದೇವರು ಬಂದು ಮೊಸರು ಕುಡಿದು ಹೋಗ್ತಂತೆ."

ಜಯಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಲೋಟ ಕೆಳಗಿಟ್ಟಳು. "ಆವತ್ತು ನಿನ್ನ ಕುಡಿಕೆ ಕಲಗಚ್ಚಿಗೆ ಸುರಿಬಾರ್ದಿತ್ತು ಹೊನ್ನಿ. ಸೊಕ್ಕು ನಂದು."

"ಎಮ್ಮೆ ಮಾತ್ರ ಬಾಳ ಖುಷಿಯಾಗಿ ಕುಡೀತು" ಎಂದಳು ಹೊನ್ನಕ್ಕ. "ನಾನು ಅಳ್ತಾ ನಿಂತಿದ್ರೆ, ಅದು ಇನ್ನೂ ಐತಾ ಅಂತ ನನ್ನ ಮುಖ ನೋಡ್ತು."

ಹೊನ್ನಕ್ಕ ಎದ್ದು ಒಳಗೆ ಹೋಗಿ ಹಿತ್ತಾಳೆ ಬಟ್ಟಲೊಂದರಲ್ಲಿ ಮೊಸರು ಹಾಕಿ, ಮೇಲೆ ಬಾಳೆಎಲೆ ಮುಚ್ಚಿ, ದಾರ ಕಟ್ಟಿ ತಂದಳು. "ಚೆನ್ನಾಗಿ ನೋಡ್ಕಳ್ರಿ" ಎಂದಳು. ತೊಟ್ಟಿಲಿಗೆ ಬಾ ಎಂದು ಜಯಕ್ಕ ಕರೆದಳು. ನೋಡಾಣ ಎಂದಳು ಹೊನ್ನಕ್ಕ, ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ.

ಊರಿಗೆ ಬಂದು ಜಯಕ್ಕ ಇಡೀ ಅಡುಗೆಮನೆಗೆ ಕುದಿನೀರು ಸುರಿದಳು. ಅತ್ತೆಯ ಕರಿ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಬೋರಲು ಹಾಕಿದಳು, ಒಡೆಯಲು ಮನಸ್ಸು ಬರಲಿಲ್ಲ. ಭಾನುವಾರ ಸಂಜೆ ಹೊಸ ಮಡಕೆಗಳಲ್ಲಿ ಹಾಲಿಟ್ಟು ಹೆಪ್ಪು ಹಾಕಿದಳು. ಬೆಳಿಗ್ಗೆ ಮುಚ್ಚಳ ತೆಗೆಯಲು ಕೈ ಬರದೆ ಸರ್ವಮಂಗಳಳನ್ನು ಕಳಿಸಿ ತಾನು ಎಮ್ಮೆಯ ಹತ್ತಿರ ಹೋಗಿ ನಿಂತಳು. ಒಳಗಿನಿಂದ ಮಗಳ ಬದಲು ಅಳಿಯನ ದನಿ ಬಂತು. "ಅತ್ತೇ, ಗಟ್ಟಿಯಾಗೈತೆ!" ಅವನ ಬಾಯಿ ಆಗಲೇ ತುಂಬಿತ್ತು.

ತೊಟ್ಟಿಲ ಊಟಕ್ಕೆ ಹೊಸದುರ್ಗದವರು ಬಂದರು. ಬೋರಯ್ಯನೊಬ್ಬನೇ ರಾಮಗಿರಿಯಿಂದ ಬಂದ. ಹೊನ್ನಕ್ಕ ಬರಲಿಲ್ಲ. ಹೋಳಿಗೆ, ಸಾರು ಎಲ್ಲ ಮುಗಿದು ಮೊಸರನ್ನದ ಸರದಿ ಬಂತು. ಏಕನಾಥಮ್ಮ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. ಬೀದಿಯ ಹೆಂಗಸರೆಲ್ಲ ತಿನ್ನುವುದು ಬಿಟ್ಟು ಅವಳ ಬಾಯಿ ನೋಡಿದರು.

"ಬೀಗ್ತಿ, ಇದು ನೀವು ಮದುವೇಲಿ ಬಡಿಸಿದ್ದ ಮೊಸರಲ್ಲ. ಅದಕ್ಕಿಂತ ರುಚಿಯಾಗೈತೆ. ಯಾರ ಹೆಪ್ಪು?"

ಜಯಕ್ಕ ಕೈಯಲ್ಲಿ ಸೌಟು ಹಿಡಿದು ನಿಂತಳು. ನಂದೇ ಎಂದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ತಮ್ಮ ಎಲೆಯನ್ನೇ ನೋಡುತ್ತಿದ್ದರು. ಬೋರಯ್ಯನೂ ಅಷ್ಟೇ. ಅದಕ್ಕಿಂತ ರುಚಿ ಎಂಬ ಮಾತನ್ನು ಜಯಕ್ಕ ಇನ್ನೂ ನುಂಗಿಕೊಂಡಿರಲಿಲ್ಲ.

"ನಮ್ಮ ಹೊನ್ನಕ್ಕಂದು" ಎಂದಳು, ಕೊನೆಯ ಪಂಕ್ತಿಗೂ ಕೇಳುವಷ್ಟು ಜೋರಾಗಿ. "ರಾಮಗಿರಿದು. ನಮ್ಮ ಬೋರಯ್ಯನ ಹೆಂಡ್ತಿ ತವರಿಂದ ತಂದಿದ್ದು. ನಂದು ಕೆಟ್ಟು ಕೂತಿತ್ತು, ಅವಳು ಕೊಟ್ಳು."

ಏಕನಾಥಮ್ಮ ಇನ್ನೊಂದು ಸೌಟು ಹಾಕಿಸಿಕೊಂಡಳು. ಬೋರಯ್ಯ ಅವಸರವಾಗಿ ನೀರು ಕುಡಿದ.

ಬೀದಿಯವರೆಲ್ಲ ಹೊಸ ಹೆಪ್ಪಿಗೆ ಬಟ್ಟಲು ಹಿಡಿದು ಬಂದರು. ಬಟ್ಟಲನ್ನು ಬಿಸಿನೀರಲ್ಲಿ ತೊಳೆದು ಬರಿದಾಗಿಯೇ ವಾಪಸ್ ತರಬೇಕು, ಒಂದು ತೊಟ್ಟು ಮೊಸರಿದ್ದರೂ ಹೊಸಿಲು ದಾಟಿಸುವುದಿಲ್ಲ ಎಂದು ಜಯಕ್ಕ ಅಪ್ಪಣೆ ಮಾಡಿದಳು. ತವರಿಗೆ ಬರೋದು ಬ್ಯಾಡ್ವೇನಕ್ಕ ಎಂದು ತಿಪ್ಪಮ್ಮ ಕೇಳಿದ್ದಕ್ಕೆ, ಅಳಿಯಂದಿರನ್ನ ಕಟ್ಕಂಡು ಬರೋ ಹಂಗಿದ್ರೆ ಬ್ಯಾಡ ಎಂದಳು.

ಆದರೆ ಹೊನ್ನಕ್ಕನ ಹಿತ್ತಾಳೆ ಬಟ್ಟಲನ್ನು ಏನು ಮಾಡುವುದು? ಅದನ್ನೂ ಬರಿದಾಗಿಯೇ ಕೊಡಬೇಕು. ಬುದ್ಧಿಗೆ ಅದು ಸರಿಯೆನಿಸಿದರೂ ಕೈ ಒಪ್ಪುತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ಹೋದದ್ದು ಬೇಡಲು, ಈಗ ಹೋಗುವುದು ಬರಿ ಬಟ್ಟಲು ಹಿಡಿದು. ಬಟ್ಟಲನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಕುದಿನೀರಲ್ಲಿ ಅದ್ದಿ, ಸೆರಗಲ್ಲಿ ಕಟ್ಟಿಕೊಂಡು ಮತ್ತೆ ರಾಮಗಿರಿ ಬಸ್ಸು ಹತ್ತಿದಳು.

ಹೊನ್ನಕ್ಕ ಬಟ್ಟಲು ಕೈಗೆ ತೆಗೆದುಕೊಂಡು ಒಳಗೆ ಇಣುಕಿ ನೋಡಿದಳು. ಜಯಕ್ಕ ನಾಚಿಕೆಯಿಂದ ಅಲ್ಲೇ ಕೂತು, ಲೋಟದ ನೀರಲ್ಲಿ ಬೆರಳದ್ದಿ ಕಡಪ ಕಲ್ಲಿನ ಮೇಲೆ ಹರಳುತಲೆ, ಬಾಲ, ಕಾಲು ಎಲ್ಲ ಬರೆದು, ದಾರ ಒಳಗೆ ಇಳಿಯುವುದು, ಒಂದು ನೂರಾಗುವುದು ಎಲ್ಲವನ್ನೂ ಹೇಳಿದಳು. ನಿನ್ನ ಮಡಕೆಗೆ ನನ್ನ ಮನೆಯ ಕಾಯಿಲೆ ಬರಬಾರದು, ಅದಕ್ಕೇ ಬರಿದು ಎಂದಳು. ಅವಳು ಕಾಲುಗಳನ್ನು ಬರೆದು ಮುಗಿಸುವಷ್ಟರಲ್ಲಿ ತಲೆ ಒಣಗಿಹೋಗಿತ್ತು.

"ಊಟದಲ್ಲಿ ಎಲ್ಲರ ಮುಂದೆ ಹೇಳಿದ್ಯಂತೆ, ಹೊನ್ನಕ್ಕನ ಹೆಪ್ಪು ಅಂತ" ಎಂದಳು ಹೊನ್ನಕ್ಕ.

"ಬೋರಯ್ಯ ಹೇಳಿದ್ನಾ?"

"ಹೂಂ. ಬಂದೋನೇ ಹೇಳ್ದ. ಊಟ ಏನು ಮಾಡಿದ್ರು ಅಂತ ಕೇಳಿದ್ರೆ ಅದು ಮಾತ್ರ ನೆನಪಿಲ್ಲ ಅಂದ." ಹೊನ್ನಕ್ಕ ಎದ್ದು ಒಳಗೆ ಹೋದಳು. ಅದೇ ಬಟ್ಟಲಿಗೆ ಮತ್ತೆ ಮೊಸರು ಹಾಕಿ, ಎಲೆ ಮುಚ್ಚಿ, ದಾರ ಬಿಗಿದು ತಂದು ಜಯಕ್ಕನ ಮಡಿಲಲ್ಲಿಟ್ಟಳು. "ತಗ. ಮತ್ತೆ ಕೆಟ್ರೆ ಇರಲಿ."

"ಹೊನ್ನಿ, ಇದನ್ನೂ ಬರಿದೇ ತರ್ತೀನಿ ಮತ್ತೆ. ಬೇಜಾರು ಮಾಡ್ಕಬ್ಯಾಡ."

"ಬರೀ ಬಟ್ಟಲೇ ತಗಂಬಾ ಅಕ್ಕ" ಎಂದಳು ಹೊನ್ನಕ್ಕ. "ಆದ್ರೆ ನೀನೇ ತಗಂಬಾ. ಅಳಿಯನ ಕೈಲಿ ಕಳಿಸಬ್ಯಾಡ."